ಕಚ್ಚಾ ಹೊಲಿಗೆ

ಆ ಮನೆಯಲ್ಲಿ ಬೀನ್ಸು ಸೀದದ್ದು ಅದೇ ಮೊದಲೇನಲ್ಲ. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನ ಸ್ಟೂಲಿಗೆ ಬೆನ್ನು ಒರಗಿಸುವ ಪಟ್ಟಿ ಇತ್ತೋ ಇಲ್ಲವೋ ಎಂಬ ಯೋಚನೆಯಲ್ಲಿ ಸೀದದ್ದು ಮಾತ್ರ ಅದೇ ಮೊದಲು.

“ಇದು ಬೀನ್ಸಾ, ಇದ್ದಿಲಾ?” ಗಂಡ ತಟ್ಟೆಯನ್ನು ದೀಪದ ಕೆಳಗೆ ಹಿಡಿದು ನೋಡಿದ. ಅವನು ಲಿಫ್ಟ್ ಮೆಕ್ಯಾನಿಕ್. ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ದಿನವಿಡೀ ಬಿಡಿಸಿ ಮನೆಗೆ ಬರುವವನಿಗೆ ಬಿಸಿ ಅನ್ನ ಸಿಕ್ಕರೆ ಸಾಕು, ಬೇರೆ ಆಸೆಗಳಿಲ್ಲ.

“ಒಂದು ಗಳಿಗೆ ಗಮನ ಆಚೆ ಹೋಯ್ತು,” ಎಂದಳು ಸೊಸೆ. ಅವಳು ಹೆಂಡತಿಯೂ ಹೌದು, ಅಮ್ಮನೂ ಹೌದು, ಆದರೆ ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಅವಳಿಗೆ ಸೊಸೆಯದೇ ಕೆಲಸ.

“ಗಳಿಗೆ ಅಲ್ಲ, ನಲವತ್ತು ವರ್ಷ ಆಚೆ ಹೋಗಿದ್ದೆ ನೀನು.”

“ಅಮ್ಮ ಅಜ್ಜಿ ಆಫೀಸಿಗೆ ಹೋಗಿದ್ಲು. ಇನ್ನೂ ಲೈನ್ ಸಿಕ್ಕಿಲ್ಲ,” ಎಂದಳು ಮಗಳು. ಅವಳು ಕಾಲೇಜಿಗೆ ಹೋಗುವ ಹುಡುಗಿ. ಚಿಕ್ಕವಳಿದ್ದಾಗ ತಾತನ ಡಬ್ಬಿಯಿಂದ ಒಂದು ಅಂಗಿಯ ಗುಂಡಿ ನುಂಗಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದರಿಂದ ಅವಳ ಹೆಸರು ಮನೆಯಲ್ಲಿ ಗುಂಡಿ ಎಂದೇ ನಿಂತಿತ್ತು.

ಮಾವ ಮಾತ್ರ ಸೀದ ಬೀನ್ಸನ್ನು ಅನ್ನಕ್ಕೆ ಕಲಸಿಕೊಂಡು ಉಂಡರು. ಅವರು ದರ್ಜಿ. ಊರಿನ ಅರ್ಧ ಗಂಡಸರ ಕುತ್ತಿಗೆಗೆ ಕಾಲರು ಕೂರಿಸಿದವರು. ಈಗ ಅವರ ಕಣ್ಣಿನ ನಡುಭಾಗ ಮಸುಕಾಗಿತ್ತು. ಅಕ್ಕಪಕ್ಕದ್ದು ಕಾಣುತ್ತಿತ್ತು, ನೆಟ್ಟ ನೋಟದ್ದು ಕಾಣುತ್ತಿರಲಿಲ್ಲ. ಸೊಸೆ ಬೆಳಗಿನ ಹೊತ್ತು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಆದರೆ ಅಂಗಡಿಯಲ್ಲಿದ್ದ ಯಾವ ಗಾಜೂ ಅವರಿಗೆ ಉಪಯೋಗವಿರಲಿಲ್ಲ. ಗೋಡೆಯ ಮೇಲಿದ್ದ ಹೆಂಡತಿಯ ಫೋಟೋದ ಮುಂದೆ ನಿಂತು ಒಂದು ದಿನ ಅವರೇ ಹೇಳಿದ್ದರು: “ಕಟ್ಟು ಕಾಣುತ್ತೆ ಕಣಮ್ಮ. ಒಳಗೆ ಅವಳು ಕಾಣಲ್ಲ.”

ಆ ಮಾತು ಕೇಳಿದ ದಿನವೇ ಸೊಸೆ ಕಾದಂಬರಿ ಬರೆಯಲು ಕೂತದ್ದು. ವಾರಪತ್ರಿಕೆಗಳಲ್ಲಿ ನಾಲ್ಕಾರು ಕಥೆ ಬಂದಿದ್ದವು, ಕೈ ಪೂರ್ತಿ ಹೊಸದೇನಲ್ಲ. ಈ ಸಲ ಅತ್ತೆಯನ್ನು ಬರೆಯಬೇಕು, ಮಾವನಿಗೆ ಓದಿ ಹೇಳಬೇಕು, ಕಣ್ಣಿಗೆ ಕಾಣದವಳನ್ನು ಕಿವಿಗಾದರೂ ಕೊಡಬೇಕು. ಕಷ್ಟ ಏನೆಂದರೆ, ಅತ್ತೆ ಹೋದ ಎರಡು ವರ್ಷಕ್ಕೆ ಅವಳು ಈ ಮನೆಗೆ ಬಂದದ್ದು. ಅತ್ತೆಯನ್ನು ಅವಳು ನೋಡಿಯೇ ಇರಲಿಲ್ಲ. ಅವರ ಬಾಣಲೆಯಲ್ಲಿ ಹುರಿದಿದ್ದಳು, ಅವರ ಪರದೆಗಳನ್ನು ಒಗೆದಿದ್ದಳು, ಅವರು ಬಡಗಿಗೆ ಹೇಳಿ ಮಾಡಿಸಿದ್ದ ಎತ್ತರದ ಸ್ಟೂಲಿನ ಮೇಲೆ ಕಾಲು ನೆಲಕ್ಕೆ ಎಟುಕದೆ ಕೂತು ಈರುಳ್ಳಿ ಹೆಚ್ಚಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಎತ್ತರದಲ್ಲಿ ಕೂತು ರೂಢಿಯಾಗಿ ಅವರಿಗೆ ಮನೆಯಲ್ಲೂ ಹಾಗೇ ಬೇಕಾಗಿತ್ತಂತೆ. ಒಂದೇ ಒಂದು ಸಲ ಆ ಹೆಂಗಸಿನ ಜೊತೆ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳ ಆಡುವ ಭಾಗ್ಯ ತನಗೆ ಸಿಗಲಿಲ್ಲವಲ್ಲ ಎಂದು ಸೊಸೆಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಮಧ್ಯಾಹ್ನ ಅವಳು ಅಂಗಡಿಯಿಂದ ಬಂದ ಮೇಲೆ ಓದು. ಮಾವ ಕಿಟಕಿಯ ಹತ್ತಿರ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಅದಕ್ಕೆ ಕಣ್ಣು ಬೇಡ, ಬೆರಳೇ ಸಾಕು. ಮೊದಲ ಅಧ್ಯಾಯದಲ್ಲಿ ಎಕ್ಸ್‌ಚೇಂಜಿನ ಕೋಣೆ ಇಡಿಯಾಗಿ ಬಂದಿತ್ತು. ಎದೆಮಟ್ಟದ ಬೋರ್ಡು, ಸಾಲು ತೂತುಗಳು, ಕರೆ ಬಂದಾಗ ಹೊತ್ತುವ ಸಣ್ಣ ದೀಪ, ಒಂದು ಲೈನಿಗೆ ಇನ್ನೊಂದನ್ನು ಸೇರಿಸುವ ಜೋಡಿ ವೈರುಗಳು, ಅವುಗಳ ತುದಿಯ ಹಿತ್ತಾಳೆ ಪಿನ್ನುಗಳು, ತಲೆಗೆ ಸಿಕ್ಕಿಸುವ ಕಿವಿಯಂತ್ರ. ಅಂಥದೊಂದು ಕಿವಿಯಂತ್ರವನ್ನು ಗುಜರಿ ಅಂಗಡಿಯಲ್ಲಿ ಹುಡುಕಿ ತಂದು, ತಾನೇ ತಲೆಗೆ ಹಾಕಿಕೊಂಡು ಭಾರ ನೋಡಿ ಬರೆದಿದ್ದಳು. ಆ ತುಕ್ಕು ಕಬ್ಬಿಣಕ್ಕೆ ದುಡ್ಡು ಸುರಿದದ್ದಕ್ಕೆ ಗಂಡ ವಾರವಿಡೀ ಗೊಣಗಿದ್ದ.

ಓದಿ ಮುಗಿಸಿ ಅವಳು ಮಾವನ ಮುಖ ನೋಡಿದಳು.

“ಎಲ್ಲಾ ಸರಿ ಇದೆ,” ಎಂದರು ಮಾವ. ಒಂದು ನಾರು ಎಳೆದು ಪಕ್ಕಕ್ಕೆ ಹಾಕಿದರು. “ಅವಳೊಬ್ಬಳು ಇಲ್ಲ.”

“ಇದೆಲ್ಲ ಅವರು ಮುಟ್ಟಿದ ಸಾಮಾನೇ, ಮಾವ.”

“ಹೌದಮ್ಮ. ಅಳತೆ ಪಕ್ಕಾ. ಆದರೆ ಹೊಲಿಯೋ ಮುಂಚೆ ಬಟ್ಟೆ ಜಾರದಿರಲಿ ಅಂತ ಕಚ್ಚಾ ಹೊಲಿಗೆ ಹಾಕ್ತೀವಲ್ಲ, ಉದ್ದುದ್ದ ದಾರ? ಮಷೀನು ಓಡಿದ ಮೇಲೆ ಅದನ್ನ ಎಳೆದು ಹಾಕ್ಬೇಕು. ನೀನು ಎಲ್ಲಾ ಹಾಗೇ ಬಿಟ್ಟಿದೀಯ. ಹಾಕ್ಕೊಂಡವರಿಗೆ ಮೈಯೆಲ್ಲ ದಾರ ಚುಚ್ಚುತ್ತೆ.”

ಸೊಸೆಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ಸಿಟ್ಟು ಬರಲಿಲ್ಲ, ಏಕೆಂದರೆ ಅವರು ಅದನ್ನು ಹೇಳಿದ ದನಿಯಲ್ಲಿ ತಪ್ಪು ಹುಡುಕುವ ಹುಮ್ಮಸ್ಸು ಇರಲಿಲ್ಲ. ಯಾರನ್ನೋ ಕಾಯುತ್ತಾ ನಿಂತು, ಬಸ್ಸು ಖಾಲಿ ಬಂದದ್ದನ್ನು ನೋಡಿದವರ ದನಿ ಅದು.

“ನೀವೇ ಹೇಳಿ ಹಾಗಾದ್ರೆ. ಅಲ್ಲಿ ಅವರು ಹೇಗಿರ್ತಿದ್ರು?”

“ನನಗೇನು ಗೊತ್ತು? ಹೊರಗಿನವರನ್ನ ಒಳಗೆ ಬಿಡ್ತಿರಲಿಲ್ಲ. ಮನೆಗೆ ಬಂದ್ರೆ ಅವಳಿಗೆ ಗಂಟಲೇ ಇರ್ತಿರಲಿಲ್ಲ. ಊರಿಗೆಲ್ಲ ಮಾತು ಜೋಡಿಸಿ ಬರೋಳು, ನನ್ನ ಪಾಲಿಗೆ ಹ್ಞೂಂ, ಉಹ್ಞೂಂ. ಅದಕ್ಕೇ ಅಲ್ವಾ ನಿನ್ನ ಕೇಳ್ತಿರೋದು, ಒಳಗೆ ಹೇಗಿದ್ಲು ಅಂತ?”

*

ಎಕ್ಸ್‌ಚೇಂಜಿನ ಆ ಕಾಲದ ಮೇಲ್ವಿಚಾರಕಿ ಊರಿನ ಇನ್ನೊಂದು ತುದಿಯಲ್ಲಿ ತಂಗಿಯ ಮಗನ ಮನೆಯಲ್ಲಿದ್ದಾರೆ ಎಂದು ಪತ್ತೆಯಾಯಿತು. ಸೊಸೆ ರಜಾದಿನಗಳಲ್ಲಿ ಅಲ್ಲಿಗೆ ಹೋಗತೊಡಗಿದಳು. ಮನೆಯಲ್ಲಿ ಬಟ್ಟೆ ರಾಶಿ ಬಿತ್ತು. ಗುಂಡಿ ಮೊಟ್ಟೆ ಬೇಯಿಸಿ ಬ್ರೆಡ್ಡಿನ ನಡುವೆ ಇಟ್ಟು, ಅದನ್ನೇ ಮಧ್ಯಾಹ್ನಕ್ಕೂ ಸಂಜೆಗೂ ಬಡಿಸಿದಳು.

“ಇದು ಮೂರನೇ ಸಲ ಮೊಟ್ಟೆ,” ಎಂದ ಅಪ್ಪ.

“ಸೀದಿಲ್ಲವಲ್ಲ, ತಿನ್ನಪ್ಪ,” ಎಂದಳು ಮಗಳು.

ಮೇಲ್ವಿಚಾರಕಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಕೆಲಸದಲ್ಲಿದ್ದಾಗ ಎಕ್ಸ್‌ಚೇಂಜಿನ ಕಿವಿಯಂತ್ರ ಹಾಕಿಕೊಳ್ಳುತ್ತಿದ್ದ ಕಿವಿ ಅದು. ನೆನಪು ಮಾತ್ರ ಚುರುಕಾಗಿತ್ತು. ಬೋರ್ಡಿನ ಮುಂದೆ ಕೂತವರು ತಲೆ ಆಚೀಚೆ ತಿರುಗಿಸುವಂತಿರಲಿಲ್ಲ, ಎದ್ದು ಹೋಗಬೇಕಾದರೆ ಕೈ ಎತ್ತಬೇಕಿತ್ತು, ಎರಡು ಕಡೆಯವರನ್ನೂ ಜೋಡಿಸಿದ ಮೇಲೆ “ಮಾತಾಡಿ” ಎಂದು ಒಂದೇ ಮಾತು ಹೇಳಿ ಬಿಟ್ಟುಬಿಡಬೇಕಿತ್ತು. ಯಾರು ತೂಕಡಿಸಿದರು, ಯಾರು ತಪ್ಪು ಊರಿಗೆ ಜೋಡಿಸಿ ಬೈಸಿಕೊಂಡರು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು.

“ನಮ್ಮ ಅತ್ತೆ?” ಎಂದು ಸೊಸೆ ಅವರ ಕೇಳುವ ಕಿವಿಯ ಹತ್ತಿರ ಬಾಗಿ ಕೇಳಿದಳು.

“ಒಳ್ಳೆ ಕೆಲಸಗಾರ್ತಿ.”

“ಮತ್ತೆ?”

ಮುದುಕಿ ಬೆರಳು ಮಡಿಸಿ ಎಣಿಸಿದರು. “ತಪ್ಪು ಮಾಡಿದವರೆಲ್ಲ ನೆನಪಿದಾರೆ ನೋಡು. ಅವಳು ಒಂದೂ ಮಾಡಲಿಲ್ಲ. ಅದಕ್ಕೇ ಇರಬೇಕು, ಏನೂ ನೆನಪಿಲ್ಲ.”

ವಾಪಸು ಬರುವ ಬಸ್ಸಿನಲ್ಲಿ ಸೊಸೆಗೆ ಅಳು ಬಂತು. ಇಷ್ಟು ಅಲೆದು, ಇಷ್ಟು ಕೇಳಿ, ಕೊನೆಗೆ ಸಿಕ್ಕದ್ದು ತಲೆ ತಿರುಗಿಸದ ಒಂದು ಬೆನ್ನು. ಆ ಬೆನ್ನಿಗೆ ಮುಖ ಕೊಡುವ ಸಾಕ್ಷಿ ಈ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಇನ್ನು ಕೇಳುವವರಿಲ್ಲ ಎಂದ ಮೇಲೆ ತಾನೇ ಕಟ್ಟಬೇಕು, ಬೇರೆ ದಾರಿ ಇಲ್ಲ ಎಂದು ಮನೆಯ ಬೀದಿ ಬರುವಷ್ಟರಲ್ಲಿ ಗಟ್ಟಿ ಮಾಡಿಕೊಂಡಳು.

ಕಟ್ಟಿದಳು. ಕರೆಗಳಿಲ್ಲದ ಒಂದು ಸಂಜೆ. ಬೋರ್ಡಿನ ಮುಂದೆ ಕೂತ ಹೆಂಗಸು, ಮೇಲ್ವಿಚಾರಕಿ ಆ ಕಡೆ ತಿರುಗಿದ್ದಾಗ, ತನ್ನ ಗಂಡನ ದರ್ಜಿ ಅಂಗಡಿಯ ಪಕ್ಕದ ಔಷಧಿ ಅಂಗಡಿಗೆ ಪಿನ್ನು ಚುಚ್ಚುತ್ತಾಳೆ. “ಎಕ್ಸ್‌ಚೇಂಜಿಂದ. ಲೈನ್ ಪರೀಕ್ಷೆ ಮಾಡ್ತಿದೀವಿ, ರಿಸೀವರ್ ಸ್ವಲ್ಪ ಹೊತ್ತು ಮೇಜಿನ ಮೇಲೆ ಇಡಿ,” ಎನ್ನುತ್ತಾಳೆ. ಅಂಗಡಿಯವನು ಇಡುತ್ತಾನೆ. ಆಮೇಲೆ ಅವಳು ಕಣ್ಣು ಮುಚ್ಚಿ, ಗೋಡೆಯಾಚೆಯಿಂದ ಬರುವ ಹೊಲಿಗೆ ಮಷೀನಿನ ಸದ್ದು ಕೇಳುತ್ತಾಳೆ. ನಿಂತು, ಓಡಿ, ಮತ್ತೆ ನಿಲ್ಲುವ ಸದ್ದು. ಕಾಲರಿನ ತಿರುವು ಬಂತು ಎಂದು ಅವಳಿಗೆ ಗೊತ್ತಾಗುತ್ತದೆ.

ಇದನ್ನು ಓದುವಾಗ ಮಾವನ ಬೆರಳು ನಿಂತಿತು. ಮುಗಿದ ಮೇಲೂ ಅವರು ಬೀನ್ಸು ಮುಟ್ಟಲಿಲ್ಲ.

“ಇನ್ನೊಂದು ಸಲ ಓದು.”

ಓದಿದಳು.

“ಹೌದು,” ಎಂದರು. “ಹೌದೇ ಹೌದು! ಆ ಔಷಧಿ ಅಂಗಡಿಯವನು ಹೇಳ್ತಿದ್ದ ನನ್ನ ಹತ್ರ. ಯಾವುದೋ ಪರೀಕ್ಷೆ ಕಾಲ್ ಬರುತ್ತೆ, ಸಾಯಂಕಾಲ, ಸುಮ್ಮನೆ ಇಡು ಅಂತಾರೆ ಅಂತ. ಅವಳಾ ಅದು? ನನ್ನ ಮಷೀನು ಕೇಳ್ತಿದ್ಲಾ?”

ಇಲ್ಲ ಮಾವ ಎನ್ನಲು ಸೊಸೆ ಬಾಯಿ ತೆರೆದಳು. ಅಷ್ಟರಲ್ಲಿ ಅವರು ನಕ್ಕರು. ಆ ಮನೆಗೆ ಬಂದಾಗಿನಿಂದ ಅಂಥ ನಗುವನ್ನು ಅವಳು ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಳು.

ಆಮೇಲೆ ಮಾವನನ್ನು ಹಿಡಿಯುವವರಿಲ್ಲ. ಪಾರ್ಕಿನ ಬೆಂಚಿನವರಿಗೆ ಹೇಳಿದರು, ಹಾಲಿನವನಿಗೆ ಹೇಳಿದರು, ಗುಂಡಿಗೆ ದಿನಕ್ಕೆರಡು ಸಲ ಹೇಳಿದರು. ಹೇಳುತ್ತಾ ಹೇಳುತ್ತಾ ಕಥೆ ಬೆಳೆಯಿತು. ಔಷಧಿ ಅಂಗಡಿಯವನ ಮೀಸೆ ಸೇರಿಕೊಂಡಿತು, ಅವತ್ತು ಹೊಲಿಯುತ್ತಿದ್ದ ನೀಲಿ ಅಂಗಿ ಸೇರಿಕೊಂಡಿತು. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಮಷೀನಿಗೆ ಎಣ್ಣೆ ಬಿತ್ತು.

“ಊಟ ಹೇಗಿದ್ರೂ ಅಪ್ಪ ಎರಡು ಸಲ ಹಾಕಿಸ್ಕೋತಿದಾರೆ. ಬರಿ, ಬರಿ, ನಾನು ಮೊಟ್ಟೆ ತಿನ್ಕೊಂಡೇ ಇರ್ತೀನಿ,” ಎಂದು ಗಂಡ ಕೂಡ ಒಪ್ಪಿಕೊಂಡ.

*

ಕೆಡಿಸಿದವಳು ಅತ್ತಿಗೆ, ಎಂದರೆ ಗಂಡನ ಅಕ್ಕ. ಕೆಡಿಸಿದವಳು ಎನ್ನುವುದೂ ತಪ್ಪು, ಅವಳು ನಿಜವನ್ನೇ ಹೇಳಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯಾಗಿದ್ದ ಅತ್ತಿಗೆಗೆ ಯಾರ ಮನೆಗೆ ಹೋದರೂ ಕೈಗೆ ಸಿಕ್ಕ ಬಟ್ಟೆ ಮಡಿಸುವ ಚಾಳಿ. ಅವತ್ತು ಊಟಕ್ಕೆ ಬಂದವಳು ಅಪ್ಪನ ಬಾಯಲ್ಲಿ ಕಥೆಯನ್ನು ಪೂರ್ತಿ ಕೇಳಿ, ಅವರು ಕೈ ತೊಳೆಯಲು ಹೋದ ಮೇಲೆ ಅಡುಗೆಮನೆಗೆ ಬಂದಳು.

“ಇದು ನಿನಗೆ ಯಾರು ಹೇಳಿದ್ದು?”

“ಯಾರೂ ಇಲ್ಲ, ಅತ್ತಿಗೆ. ನಾನೇ ಬರೆದದ್ದು.”

“ಆ ಔಷಧಿ ಅಂಗಡಿಗೆ ಫೋನು ಬಂದಾಗ ನಾನು ಹೈಸ್ಕೂಲು. ಅಷ್ಟು ಹೊತ್ತಿಗೆ ಅಮ್ಮ ಗಂಟಲು ಕೆಟ್ಟು ಬೋರ್ಡು ಬಿಟ್ಟಾಗಿತ್ತು, ಬಿಲ್ಲು ಬರೆಯೋ ಕಡೆ ಹಾಕಿದ್ರು. ಅಮ್ಮ ಬೋರ್ಡಿನಲ್ಲಿದ್ದಾಗ ಆ ಬೀದಿಗೇ ಫೋನಿರಲಿಲ್ಲ!”

“ಮೆತ್ತಗೆ, ಅಕ್ಕ,” ಎಂದ ಗಂಡ, ಬಾಗಿಲಲ್ಲಿ ನಿಂತು.

“ಏನು ಮೆತ್ತಗೆ? ಅಪ್ಪನಿಗೆ ವಯಸ್ಸಾಗಿದೆ, ಕಣ್ಣು ಹೋಗಿದೆ, ಅಂತ ಏನು ಬೇಕಾದ್ರೂ ತುರುಕಬಹುದಾ? ನಾಳೆ ನಮ್ಮಮ್ಮ ಬೋರ್ಡಿನ ಮುಂದೆ ಹಾಡು ಹೇಳ್ತಿದ್ಲು ಅಂತ ಬರೀತಾಳೆ, ಅಪ್ಪ ಅದಕ್ಕೂ ತಲೆ ಆಡಿಸ್ತಾರೆ. ಆಮೇಲೆ ನಮ್ಮಮ್ಮ ಎಲ್ಲಿ ಉಳೀತಾಳೆ?”

“ನೀವು ಹೇಳಿ ಅತ್ತಿಗೆ, ನಾನು ಅದನ್ನೇ ಬರೀತೀನಿ. ಎಷ್ಟು ಸಲ ಕೇಳಿದೀನಿ ನಿಮ್ಮನ್ನ?”

“ಹೇಳಬೇಕಾ? ಅನ್ನ ಬಡಿಸಿ ‘ಊಟ ಮಾಡಿ’ ಅನ್ನೋ ಬದಲು ಬಾಯಿ ತಪ್ಪಿ ‘ಮಾತಾಡಿ’ ಅಂತಿದ್ಲು. ನಾವಿಬ್ಬರೂ ಬಿದ್ದು ಬಿದ್ದು ನಗ್ತಿದ್ವಿ. ಅದು ನಮ್ಮಮ್ಮ. ಅದನ್ನ ಪುಸ್ತಕಕ್ಕೆ ಹಾಕ್ಬೇಡ. ಅದು ನಮ್ಮದು.” ಅತ್ತಿಗೆಯ ಕಣ್ಣಲ್ಲಿ ನೀರು ತುಂಬಿತ್ತು. ಕೈ ಮಾತ್ರ ಕೈವಸ್ತ್ರವನ್ನು ನಾಲ್ಕು ಮಡಿಕೆ ಮಾಡುತ್ತಲೇ ಇತ್ತು.

ಗಂಡ ನೆಲ ನೋಡಿದ. ಅವನಿಗೂ ಅದು ನೆನಪಿತ್ತು. ಇಷ್ಟು ವರ್ಷದಲ್ಲಿ ಹೆಂಡತಿಗೆ ಹೇಳಬೇಕು ಎಂದು ಅವನಿಗೆ ಹೊಳೆದಿರಲಿಲ್ಲ.

“ಅಪ್ಪನಿಗೆ ಹೇಳಿಬಿಡು,” ಎಂದ, ಅಕ್ಕ ಹೋದ ಮೇಲೆ.

“ಅವರು ನಗ್ತಿದಾರೆ ಕಣ್ರೀ.”

“ಗೊತ್ತು. ಲಿಫ್ಟು ನಡುವೆ ನಿಂತಾಗ ಒಳಗಿರೋರಿಗೆ ಇನ್ನೇನು ಬಂತು, ಬಂತು ಅಂತ ಸುಳ್ಳು ಹೇಳಬಾರದು ಅಂತ ನಮಗೆ ಕಲಿಸ್ತಾರೆ. ಎಲ್ಲಿದೀರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಬೇಕು.”

ಮರುದಿನ ಮಧ್ಯಾಹ್ನ ಸೊಸೆ ಹೇಳಿದಳು. ಮಾವ ಮಷೀನಿನ ಚಕ್ರ ಒರೆಸುತ್ತಿದ್ದರು.

“ಮಾವ, ಆ ಫೋನಿನ ಸಂಗತಿ ನಾನು ಕಟ್ಟಿದ್ದು.”

“ಕಟ್ಟದೆ ಇನ್ನೇನು, ಕಥೆ ಅಲ್ವಾ. ಆದ್ರೂ ಆ ಎಕ್ಸ್‌ಚೇಂಜಿನ ಅಮ್ಮ ಏನೋ ಒಂದಿಷ್ಟು ಸುಳಿವು ಕೊಟ್ಟಿರಬೇಕು.”

“ಇಲ್ಲ.”

“ಒಂದೆಳೆ ದಾರದಷ್ಟು?”

“ಇಲ್ಲ ಮಾವ. ಅತ್ತೆ ಬೋರ್ಡಿನಲ್ಲಿದ್ದಾಗ ಆ ಅಂಗಡಿಗೆ ಫೋನೇ ಇರಲಿಲ್ಲವಂತೆ.”

ಅವರು ಚಕ್ರ ಒರೆಸುವುದನ್ನು ನಿಲ್ಲಿಸಲಿಲ್ಲ. ಪೂರ್ತಿ ಒರೆಸಿ, ಮಷೀನಿನ ಮೇಲೆ ಮೊದಲಿನಂತೆ ಬಟ್ಟೆ ಹೊದಿಸಿದರು. “ಔಷಧಿ ಅಂಗಡಿಯವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆಯಲ್ಲ,” ಎಂದು ತಮಗೆ ತಾವೇ ಎಂಬಂತೆ ಅಂದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಓದು ನಿಂತಿತು. ಕಾಗದ ಹಿಡಿದು ಹತ್ತಿರ ಹೋದರೆ, “ಇವತ್ತು ಬೇಡಮ್ಮ, ಕಣ್ಣು ನೋಯುತ್ತೆ,” ಎನ್ನುತ್ತಿದ್ದರು.

“ಓದೋದು ಅಮ್ಮ, ಕಣ್ಣು ನೋಯೋದು ತಾತಂಗಾ?” ಎಂದು ಗುಂಡಿ ನಗಿಸಲು ನೋಡಿದಳು. ಯಾರೂ ನಗಲಿಲ್ಲ. ಪಾರ್ಕಿಗೂ ಅವರು ಹೋಗಲಿಲ್ಲ, ಊಟ ನಾಲ್ಕು ತುತ್ತಿಗೆ ಬಂದು ನಿಂತಿತು. ಬೀನ್ಸು ಈಗ ಸೀಯುತ್ತಿರಲಿಲ್ಲ, ಬಟ್ಟೆ ಹೊತ್ತಿಗೆ ಸರಿಯಾಗಿ ಒಗೆದು ಮಡಿಸಿ ಇರುತ್ತಿತ್ತು. ಮನೆ ಅಷ್ಟು ಒಪ್ಪವಾಗಿದ್ದದ್ದು ಯಾರಿಗೂ ಬೇಕಿರಲಿಲ್ಲ. ಸೊಸೆ ಬರೆದ ಹಾಳೆಗಳನ್ನೆಲ್ಲ ಅಟ್ಟದ ಪೆಟ್ಟಿಗೆಗೆ ಹಾಕಿದಳು. ಮೊದಲು ನಿಜ ಬರೆದು ಅವರಿಗೆ ಹೆಂಡತಿ ಸಿಗಲಿಲ್ಲ, ಆಮೇಲೆ ಸುಳ್ಳು ಬರೆದು ಸಿಕ್ಕಿದವಳನ್ನೂ ಕಿತ್ತುಕೊಂಡೆ ಎಂದು ತನ್ನನ್ನೇ ಬೈದುಕೊಂಡಳು.

*

ಕೆಲವು ವಾರದ ಮೇಲೆ ಒಂದು ಮಧ್ಯಾಹ್ನ ಮಾವ ತಾವಾಗಿಯೇ ಅಡುಗೆಮನೆಗೆ ಬಂದರು. ಗೋಡೆ ಸವರಿಕೊಂಡು ಬಂದು, ಹೆಂಡತಿಯ ಎತ್ತರದ ಸ್ಟೂಲನ್ನು ಕೈಯಿಂದ ಹುಡುಕಿ, ಅದರ ಮೇಲೆ ಕೂತರು.

“ಬೀನ್ಸು ಕೊಡು.”

ಕೊಟ್ಟಳು.

“ಅದನ್ನ ನಾನು ಯಾಕೆ ನಂಬಿದೆ ಗೊತ್ತಾ? ಅವಳು ನನ್ನ ಸದ್ದು ಕೇಳಿದ್ಲು ಅಂತ ನೀನು ಬರೆದೆ. ಕೇಳೋಕೆ ಹೋಗಿದ್ದು ನಾನು.”

ಸೊಸೆ ಒಲೆ ಆರಿಸಿದಳು.

“ಒಂದಿನ ಅಂಗಡಿ ಮುಚ್ಚಿ ಎಕ್ಸ್‌ಚೇಂಜಿಗೆ ಹೋದೆ. ಕೆಲಸ ಏನೂ ಇರಲಿಲ್ಲ. ಮನೇಲಿ ಅವಳ ದನಿ ಕೇಳಿ ಎಷ್ಟೋ ದಿನ ಆಗಿತ್ತು, ಕೇಳಬೇಕು ಅನ್ನಿಸ್ತು, ಅಷ್ಟೇ. ಹಿಂದಿನ ಓಣಿಯಲ್ಲಿ ಮೇಲೆ ಒಂದು ಕಿಟಕಿ ತೆಗೆದಿತ್ತು. ಅದರ ಕೆಳಗೆ ನಿಂತೆ. ಮಾತಾಡಿ, ಮಾತಾಡಿ, ಮಾತಾಡಿ. ಎಷ್ಟು ಜನ ಹೆಂಗಸರೋ, ಎಲ್ಲರದೂ ಒಂದೇ ದನಿ, ಒಂದೇ ರಾಗ. ಹಾಗೇ ಹೇಳಬೇಕು ಅಂತ ಕಲಿಸಿರ್ತಾರಲ್ಲ. ಅದರಲ್ಲಿ ನನ್ನ ಹೆಂಡತಿ ಯಾವಳು ಅಂತ ನನಗೆ ಗೊತ್ತಾಗ್ಲಿಲ್ಲ ಕಣಮ್ಮ.”

ಒಂದು ಬೀನ್ಸು ಅವರ ಬೆರಳ ನಡುವೆಯೇ ಉಳಿದಿತ್ತು.

“ಬಹಳ ಹೊತ್ತು ನಿಂತೆ. ಇದೇ ಅವಳು, ಅಲ್ಲ, ಇದು, ಅಂತ. ಆಮೇಲೆ ಮನೆಗೆ ಬಂದೆ. ಅವತ್ತು ರಾತ್ರಿ ಊಟಕ್ಕೆ ಬಡಿಸಿ, ‘ಮಾತಾಡಿ’ ಅಂದ್ಲು. ಬಾಯಿ ತಪ್ಪಿದ್ದು ಅದೇ ಮೊದಲು. ನಿನ್ನ ಕಿಟಕಿ ಕೆಳಗೆ ನಿಂತು ಬಂದೆ ಕಣೇ ಅಂತ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮಕ್ಕಳು ನಕ್ಕರು, ಅವಳೂ ನಕ್ಕಳು, ನಾನೂ ನಕ್ಕೆ. ಅಷ್ಟೇ. ಹೇಳೋದು ಹಾಗೇ ಉಳೀತು.”

ಸೊಸೆ ಬೀನ್ಸಿನ ಬುಟ್ಟಿಯನ್ನು ಅವರ ಕೈಗೆ ಹತ್ತಿರ ಸರಿಸಿದಳು.

“ಆ ಔಷಧಿ ಅಂಗಡಿ ಬೇಡ, ಎಳೆದು ಹಾಕು. ಕಚ್ಚಾ ಹೊಲಿಗೆ ಅದು, ಅದರ ಕೆಲಸ ಮುಗೀತು. ಇದನ್ನ ಬರಿ.” ಬೆರಳ ನಡುವಿನ ಬೀನ್ಸಿನ ನಾರು ಎಳೆದು ಮತ್ತೆ ಅಂದರು: “ಒಳಗೆ ಅವಳು ಏನು ಅಂದುಕೊಂಡ್ಲು ಅನ್ನೋದು ನಿನಗೆ ಬಿಟ್ಟಿದ್ದು. ನಿನ್ನಷ್ಟು ಅವಳನ್ನ ಯಾರೂ ಯೋಚನೆ ಮಾಡಿಲ್ಲ. ಆದರೆ ಕಿಟಕಿಗೆ ಬಂದ್ಲು ಅಂತ ಮಾತ್ರ ಬರೀಬೇಡ. ಬರಲಿಲ್ಲ.”

ಅವಳು ಪೆಟ್ಟಿಗೆ ಇಳಿಸಿದಳು. ಬರೆದದ್ದಕ್ಕಿಂತ ಹರಿದದ್ದು ಹೆಚ್ಚು. ಸ್ಟೂಲಿನ ಪಟ್ಟಿ ಹೋಯಿತು, ಹಿತ್ತಾಳೆ ಪಿನ್ನುಗಳಲ್ಲಿ ಒಂದೇ ಉಳಿಯಿತು, ಕಿವಿಯಂತ್ರದ ಭಾರ ಉಳಿಯಿತು. ಮನೆಯಲ್ಲಿ ಮತ್ತೆ ಮೊಟ್ಟೆ ಶುರುವಾಯಿತು. ಗಂಡ ಗೊಣಗಲಿಲ್ಲ. ಒಂದು ದಿನ ತಾನೇ ಬೇಳೆ ಬೇಯಿಸಿ, ಅದನ್ನೂ ತಳ ಹಿಡಿಸಿದ.

ಓದುವ ದಿನ ಅತ್ತಿಗೆಯೂ ಬಂದಿದ್ದಳು. ಅಪ್ಪ ಕರೆದಿದ್ದರು. ಬಂದವಳು ಯಾರ ಜೊತೆಗೂ ಹೆಚ್ಚು ಮಾತಾಡದೆ, ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂತು ತಮ್ಮನ ಅಂಗಿಗಳನ್ನು ಮಡಿಸತೊಡಗಿದಳು. “ನಾನು ಕೇಳಿಸ್ಕೋತೀನಿ. ತಪ್ಪಿದ್ರೆ ಹೇಳ್ತೀನಿ,” ಎಂದಳು ತಲೆ ಎತ್ತದೆ. ಗುಂಡಿ ತಾತನ ಕಾಲಬಳಿ ಕೂತಳು. ಗಂಡ ಬಾಗಿಲಿಗೆ ಒರಗಿ ನಿಂತ.

“ಕಿಟಕಿಗೆ ಬರಲ್ಲ ತಾನೆ?” ಎಂದು ಕೇಳಿದರು ಮಾವ.

“ಬರಲ್ಲ, ಮಾವ.”

ಮಾವ ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು ಕೈ ಕಟ್ಟಿ ಕೂತರು. ಸೊಸೆ ಮೊದಲ ಹಾಳೆ ಹಿಡಿದಳು. ಅಕ್ಷರ ಎದುರಿಗಿತ್ತು, ದನಿ ಮಾತ್ರ ಹೊರಡಲಿಲ್ಲ. ಗಂಟಲು ಸರಿ ಮಾಡಿಕೊಂಡಳು, ನೀರು ಕುಡಿದಳು, ಮತ್ತೆ ಹಾಳೆ ಹಿಡಿದಳು. ತಾನು ನೋಡದ ಹೆಂಗಸನ್ನು ನೋಡಿದವರ ಮುಂದೆ ಇಡುವ ಧೈರ್ಯ ಅವಳಿಗೆ ಆ ಹೊತ್ತಿನಲ್ಲಿ ಎಲ್ಲಿಂದಲೂ ಬರಲಿಲ್ಲ.

ಮಾವ ಕಾದರು. ಅವಳು ಈ ಮನೆಗೆ ಬಂದಾಗಿನಿಂದ ಅವರು ಅವಳನ್ನು ನೀನು ಎಂದೇ ಕರೆದವರು. ಬಾ, ಕೊಡು, ಓದು, ಇಷ್ಟೇ. ಈಗ ಕಾಣದ ಕಣ್ಣನ್ನು ಅವಳ ಕಡೆಗೆ ತಿರುಗಿಸಿ, ಹೆಂಡತಿಯ ರಾಗದಲ್ಲೇ ಮೆಲ್ಲಗೆ ಅಂದರು:

“ಮಾತಾಡಿ.”

ಅಂಗಿಯ ಮೇಲೆ ಅತ್ತಿಗೆಯ ಕೈ ನಿಂತಿತು. ಸೊಸೆ ಓದತೊಡಗಿದಳು.